ಎರಡು ನೊಬೆಲ್ ಬಂದ ಮೇಲೆ ಎಕ್ಸ್‌ರೇ ಕಲಿತ ಮೇರಿ ಕ್ಯೂರಿ

ಮೇರಿ ಕ್ಯೂರಿ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ರೇಡಿಯಂ ಮತ್ತು ಎರಡು ನೊಬೆಲ್ ಬಹುಮಾನ. ಹೈಸ್ಕೂಲಿನ ವಿಜ್ಞಾನ ರಸಪ್ರಶ್ನೆಗೆ ಅಷ್ಟು ಗೊತ್ತಿದ್ದರೆ ಸಾಕಾಗುತ್ತಿತ್ತು. ಆದರೆ ಆಕೆಯ ಬದುಕಿನಲ್ಲಿ ರಸಪ್ರಶ್ನೆಗೆ ಬಾರದ ನಾಲ್ಕು ವರ್ಷಗಳಿವೆ. 1914ರಿಂದ 1918ರವರೆಗೆ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಜಗತ್ತಿನಲ್ಲೇ ಹೆಸರಾಗಿದ್ದ ಈ ಪ್ರಾಧ್ಯಾಪಕಿ ಮೋಟಾರು ಗಾಡಿಯಲ್ಲಿ ಎಕ್ಸ್‌ರೇ ಯಂತ್ರ ಹೇರಿಕೊಂಡು ಗಾಯಾಳು ಸೈನಿಕರಿದ್ದ ಆಸ್ಪತ್ರೆಗಳನ್ನು ಸುತ್ತಿದರು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಎಕ್ಸ್‌ರೇ ಕೋಣೆಯಲ್ಲಿ ಇಂದು ನಡೆಯುವ ಕೆಲಸಕ್ಕೂ ಆ ನಾಲ್ಕು ವರ್ಷಗಳಿಗೂ ಹತ್ತಿರದ ಸಂಬಂಧವಿದೆ. ಆದ್ದರಿಂದ ರೇಡಿಯಂ ಕಥೆಯನ್ನು ಬೇಗ ಮುಗಿಸಿ ಅಲ್ಲಿಗೆ ಹೋಗುತ್ತೇನೆ. ಬಾಲ್ಯವನ್ನು ಮಾತ್ರ ಹಾಗೆ ದಾಟಿಬಿಡಲು ಮನಸ್ಸಿಲ್ಲ. ಶಾಲೆಯ ಸಂಚಿಕೆಯಲ್ಲಿ ಅದನ್ನು ಹೇಳದೆ ಇನ್ನೆಲ್ಲಿ ಹೇಳುವುದು?

ಆಕೆ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಮನೆಯಲ್ಲಿಟ್ಟ ಹೆಸರು ಮಾರಿಯಾ ಸ್ಕ್ಲೊಡೋವ್‌ಸ್ಕಾ. ಐದು ಮಕ್ಕಳಲ್ಲಿ ಕೊನೆಯವಳು. ಅಪ್ಪ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು, ಅಮ್ಮ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದವರು. ಆಗ ವಾರ್ಸಾ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಪಾಠ ರಷ್ಯನ್ ಭಾಷೆಯಲ್ಲೇ ನಡೆಯಬೇಕು, ಮನೆಮಾತಾದ ಪೋಲಿಷ್‌ನಲ್ಲಿ ಕಲಿಸುವಂತಿಲ್ಲ. ಪ್ರಯೋಗಾಲಯದ ಪಾಠಗಳನ್ನೂ ಸರ್ಕಾರ ನಿಲ್ಲಿಸಿತು. ಅಪ್ಪ ಶಾಲೆಯ ಉಪಕರಣಗಳನ್ನು ಮನೆಗೆ ತಂದಿಟ್ಟುಕೊಂಡರು. ಮಗಳು ವಿಜ್ಞಾನದ ಸಲಕರಣೆಗಳನ್ನು ಮೊದಲು ಕಂಡದ್ದು ಮನೆಯ ಗಾಜಿನ ಬೀರುವಿನಲ್ಲಿ. ಅವಳಿಗೆ ಹತ್ತು ವರ್ಷವಾಗಿದ್ದಾಗ ಅಮ್ಮ ಕ್ಷಯರೋಗದಿಂದ ತೀರಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು ಹಿರಿಯಕ್ಕ ಟೈಫಸ್ ಜ್ವರಕ್ಕೆ ಬಲಿಯಾಗಿದ್ದಳು.

1883ರಲ್ಲಿ ಮಾರಿಯಾ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದಳು. ಮುಂದೆ? ವಾರ್ಸಾ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಿ, ಒಂದೊಂದು ದಿನ ಒಂದೊಂದು ಮನೆಯಲ್ಲಿ ತರಗತಿ ನಡೆಸುತ್ತಿದ್ದ ಗುಟ್ಟಿನ ಕಾಲೇಜೊಂದಿತ್ತು. ಜಾಗ ಬದಲಿಸುತ್ತಲೇ ಇದ್ದುದರಿಂದ ಅದಕ್ಕೆ ಹಾರುವ ವಿಶ್ವವಿದ್ಯಾಲಯ ಎಂದೇ ಹೆಸರು. ಮಾರಿಯಾ ಮತ್ತು ಅಕ್ಕ ಬ್ರೋನ್ಯಾ ಅಲ್ಲಿ ಕಲಿತರು. ಆದರೆ ಬ್ರೋನ್ಯಾಗೆ ಡಾಕ್ಟರ್ ಆಗುವ ಹಂಬಲ, ತಂಗಿಗೆ ವಿಜ್ಞಾನದ ಹಂಬಲ, ಎರಡಕ್ಕೂ ಪ್ಯಾರಿಸ್ಸಿಗೇ ಹೋಗಬೇಕು, ಮನೆಯಲ್ಲಿ ಒಬ್ಬರನ್ನು ಓದಿಸುವಷ್ಟೂ ದುಡ್ಡಿಲ್ಲ. ಅಕ್ಕತಂಗಿಯರು ಒಂದು ಕರಾರು ಮಾಡಿಕೊಂಡರು. ಮೊದಲು ಅಕ್ಕ ಹೋಗುವುದು, ತಂಗಿ ದುಡಿದು ಹಣ ಕಳಿಸುವುದು; ಅಕ್ಕನ ಓದು ಮುಗಿದ ಮೇಲೆ ಅವಳು ತಂಗಿಯನ್ನು ಕರೆಸಿಕೊಳ್ಳುವುದು.

ಹೀಗೆ ಹದಿನೆಂಟರ ಮಾರಿಯಾ ಶ್ಚುಕಿ ಎಂಬ ಹಳ್ಳಿಗೆ, ಜಮೀನು ನೋಡಿಕೊಳ್ಳುತ್ತಿದ್ದ ಸ್ಥಿತಿವಂತರೊಬ್ಬರ ಮನೆಗೆ ಮಕ್ಕಳ ಪಾಠದವಳಾಗಿ ಹೋದಳು. ಸುತ್ತಲೂ ಬೀಟ್‌ರೂಟ್ ಹೊಲಗಳು, ಒಂದು ಸಕ್ಕರೆ ಕಾರ್ಖಾನೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದಳು. ಹಗಲು ಮನೆಯ ಮಕ್ಕಳಿಗೆ ಪಾಠ. ಬಿಡುವಿನಲ್ಲಿ ಆ ಊರಿನ ಕೂಲಿಯವರ ಮಕ್ಕಳನ್ನು ಕೂರಿಸಿಕೊಂಡು ಪೋಲಿಷ್ ಓದುಬರಹ ಕಲಿಸುತ್ತಿದ್ದಳು. ಸರ್ಕಾರಕ್ಕೆ ತಿಳಿದರೆ ಸೈಬೀರಿಯಾಕ್ಕೆ ಗಡೀಪಾರು ಮಾಡಬಹುದಾದ ಅಪರಾಧ ಅದು. ರಾತ್ರಿ ತನ್ನ ಭೌತಶಾಸ್ತ್ರ, ಗಣಿತ. ಮನೆಯ ಹಿರಿಯ ಮಗ ಅವಳನ್ನು ಮದುವೆಯಾಗಲು ಬಯಸಿದ. ಪಾಠ ಹೇಳುವ ಬಡ ಹುಡುಗಿ ಸೊಸೆಯಾಗುವುದನ್ನು ಹೆತ್ತವರು ಒಪ್ಪಲಿಲ್ಲ. ಆ ಅವಮಾನ ನುಂಗಿಕೊಂಡು ಅವಳು ಅದೇ ಮನೆಯಲ್ಲಿ ಕೆಲಸ ಮುಂದುವರಿಸಿದಳು, ಏಕೆಂದರೆ ತಿಂಗಳು ತಿಂಗಳು ಪ್ಯಾರಿಸ್ಸಿಗೆ ಹಣ ಹೋಗಬೇಕಿತ್ತು. ಅವಳ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇದು. ಮುಂದೆ ನೊಬೆಲ್ ಬರುತ್ತದೆ ಎಂದು ನಮಗೆ ಗೊತ್ತು. ಶ್ಚುಕಿಯಲ್ಲಿದ್ದ ಹುಡುಗಿಗೆ ಪ್ಯಾರಿಸ್ಸಿನ ರೈಲು ಹತ್ತುವುದೂ ಖಚಿತವಿರಲಿಲ್ಲ.

ಅಕ್ಕ ಮಾತು ಉಳಿಸಿಕೊಂಡಳು. 1891ರ ಕೊನೆಗೆ, ಇಪ್ಪತ್ತನಾಲ್ಕರ ಹೊಸ್ತಿಲಲ್ಲಿ, ಮಾರಿಯಾ ಅಗ್ಗದ ದರ್ಜೆಯ ರೈಲಿನಲ್ಲಿ ಪ್ಯಾರಿಸ್ಸಿಗೆ ಬಂದು ಸಾರ್ಬಾನ್ ವಿಶ್ವವಿದ್ಯಾಲಯಕ್ಕೆ ಸೇರಿ ಮೇರಿ ಆದಳು. ಪುಸ್ತಕದ ಫ್ರೆಂಚ್ ಗೊತ್ತಿತ್ತು. ಪ್ರಾಧ್ಯಾಪಕರು ವೇಗವಾಗಿ ಮಾತನಾಡಿದರೆ ತಲೆಗೆ ಹತ್ತುತ್ತಿರಲಿಲ್ಲ. ಒಬ್ಬಳೇ ಕಲಿತ ಗಣಿತದಲ್ಲಿ ತೂತುಗಳಿದ್ದವು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನದ ಮೊದಲ ತಿಂಗಳು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಳಿಗೆಯ ಮೇಲಿನ ಸಣ್ಣ ಕೋಣೆಯಲ್ಲಿ, ಚಳಿಗಾಲದಲ್ಲಿ ಇದ್ದಬದ್ದ ಬಟ್ಟೆಗಳನ್ನೆಲ್ಲ ಹೊದ್ದುಕೊಂಡು ಓದಿದಳು. 1893ರ ಭೌತಶಾಸ್ತ್ರ ಪದವಿಯಲ್ಲಿ ಮೊದಲ ಸ್ಥಾನ, 1894ರ ಗಣಿತ ಪದವಿಯಲ್ಲಿ ಎರಡನೆಯ ಸ್ಥಾನ. ಎರಡನೆಯ ಪದವಿಗೆ ಪೋಲೆಂಡಿನಿಂದ ಬಂದ 600 ರೂಬಲ್ ವಿದ್ಯಾರ್ಥಿವೇತನವನ್ನು, ಯಾರೂ ಕೇಳದಿದ್ದರೂ, ದುಡಿಯತೊಡಗಿದ ಮೇಲೆ ಹಿಂತಿರುಗಿಸಿದಳು.

1895ರ ಜುಲೈನಲ್ಲಿ ವಿಜ್ಞಾನಿ ಪಿಯರ್ ಕ್ಯೂರಿ ಅವರೊಡನೆ ಮದುವೆ. ಅದೇ ವರ್ಷ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಮೇರಿ ಕ್ಯೂರಿಯೇ ಎಕ್ಸ್‌ರೇ ಕಂಡುಹಿಡಿದರೆಂದು ತಿಳಿದವರು ಹಲವರಿದ್ದಾರೆ, ಅದು ಸರಿಯಲ್ಲ. ಎಕ್ಸ್ ಕಿರಣ ಕೊಳವೆಯಲ್ಲಿ ಹುಟ್ಟುತ್ತದೆ, ಸ್ವಿಚ್ ಆರಿಸಿದರೆ ನಿಲ್ಲುತ್ತದೆ. ಮೇರಿ ಕೈಹಾಕಿದ್ದು ಯಾವ ಸ್ವಿಚ್ಚೂ ಇಲ್ಲದೆ ತಾನಾಗಿ ಕಿರಣ ಸೂಸುವ ಅದಿರುಗಳಿಗೆ. 1898ರಲ್ಲಿ ದಂಪತಿ ಪೊಲೋನಿಯಂ ಮತ್ತು ರೇಡಿಯಂ ಇರುವುದನ್ನು ಪ್ರಕಟಿಸಿದರು. ಬಳಿಕ ಸೋರುವ ಮಾಡಿನ ಶೆಡ್ಡೊಂದರಲ್ಲಿ ಟನ್‌ಗಟ್ಟಲೆ ಅದಿರಿನ ಗಸಿಯನ್ನು ಕುದಿಸಿ, ಕಲಕಿ, ಸೋಸಿ, 1902ರ ಹೊತ್ತಿಗೆ ಸುಮಾರು ಹತ್ತನೇ ಒಂದು ಗ್ರಾಮ್ ರೇಡಿಯಂ ಲವಣ ತೆಗೆದರು. 1903ರಲ್ಲಿ ಪಿಯರ್ ಮತ್ತು ಬೆಕೆರೆಲ್ ಅವರೊಂದಿಗೆ ಭೌತಶಾಸ್ತ್ರದ ನೊಬೆಲ್. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಮಾಡಿಸಲಿಲ್ಲ. 1906ರ ಏಪ್ರಿಲ್‌ನಲ್ಲಿ ಪಿಯರ್ ಪ್ಯಾರಿಸ್ಸಿನ ರಸ್ತೆಯಲ್ಲಿ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡರು. ಎರಡು ಪುಟ್ಟ ಹೆಣ್ಣುಮಕ್ಕಳ ತಾಯಿ ಗಂಡನ ಪಾಠದ ಜಾಗಕ್ಕೆ ಹೋಗಿ ನಿಂತರು. ಸಾರ್ಬಾನ್‌ನಲ್ಲಿ ಪಾಠ ಮಾಡಿದ ಮೊದಲ ಹೆಂಗಸು. 1911ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಲಿಲ್ಲ, ಪತ್ರಿಕೆಗಳು ಅವರ ಖಾಸಗಿ ಬದುಕನ್ನು ಬೀದಿಗೆಳೆದವು. ಅದೇ ವರ್ಷ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಷ್ಟು ಪಠ್ಯಪುಸ್ತಕದ ಕಥೆ.

1914ರ ಬೇಸಿಗೆಯಲ್ಲಿ ಅವರಿಗಾಗಿ ಕಟ್ಟಿದ ರೇಡಿಯಂ ಸಂಸ್ಥೆಯ ಕಟ್ಟಡ ಸಿದ್ಧವಾಯಿತು. ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಸಹಾಯಕರೆಲ್ಲ ಸೈನ್ಯಕ್ಕೆ ಹೋದರು. ಜರ್ಮನ್ ಪಡೆ ಪ್ಯಾರಿಸ್ಸಿನ ಹತ್ತಿರ ಬಂದಾಗ ಮೇರಿ ತಮ್ಮಲ್ಲಿದ್ದ ಒಂದು ಗ್ರಾಮ್ ರೇಡಿಯಂ ಅನ್ನು ಭಾರವಾದ ಸೀಸದ ಪೆಟ್ಟಿಗೆಯಲ್ಲಿಟ್ಟು, ಜನರಿಂದ ಕಿಕ್ಕಿರಿದ ರೈಲಿನಲ್ಲಿ ಬೋರ್ಡೋ ನಗರಕ್ಕೆ ಒಯ್ದು ಬ್ಯಾಂಕಿನಲ್ಲಿರಿಸಿ, ಮರುದಿನವೇ ಹಿಂತಿರುಗಿದರು. ಊರು ಬಿಟ್ಟು ಹೋಗುವವರ ನಡುವೆ ಊರಿಗೆ ವಾಪಸು ಬರುತ್ತಿದ್ದ ಹೆಂಗಸು. ನೊಬೆಲ್ ಹಣದಲ್ಲಿ ಬಹುಪಾಲನ್ನು ಯುದ್ಧ ಸಾಲಪತ್ರಗಳಿಗೆ ಹಾಕಿದರು. ಚಿನ್ನದ ಪದಕಗಳನ್ನೂ ಕರಗಿಸಿಕೊಳ್ಳಿ ಎಂದು ಕೊಡಲು ಹೋದರು, ಬ್ಯಾಂಕಿನವರು ಒಪ್ಪಲಿಲ್ಲ.

ಆಗಿನ ಯುದ್ಧದಲ್ಲಿ ಗುಂಡಿನಷ್ಟೇ ಕೆಟ್ಟದ್ದು ಸಿಡಿದ ಶೆಲ್ಲಿನ ಚೂರುಗಳು. ಚೂರು ತೊಡೆಯಲ್ಲಿ ಹೊಕ್ಕು ಬೇರೆಲ್ಲೋ ಕೂತಿರುತ್ತಿತ್ತು. ಎಕ್ಸ್‌ರೇ ಇಲ್ಲದ ಕಡೆ ಸರ್ಜನ್ ಗಾಯದೊಳಗೆ ಸಲಾಕೆ, ಬೆರಳು ಹಾಕಿ ಹುಡುಕಬೇಕು. ಹುಡುಕಿದಷ್ಟೂ ಗಾಯ ದೊಡ್ಡದು, ನಂಜು ಹೆಚ್ಚು, ಕೊನೆಗೆ ಕಾಲೇ ತೆಗೆಯಬೇಕಾದೀತು. ಎಕ್ಸ್‌ರೇ ಬಂದು ಹತ್ತೊಂಬತ್ತು ವರ್ಷವಾಗಿತ್ತು, ನಿಜ. ಆದರೆ ಯಂತ್ರಗಳಿದ್ದದ್ದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ. ಗಾಯಾಳುಗಳು ಬೀಳುತ್ತಿದ್ದದ್ದು ನೂರಾರು ಮೈಲಿ ಆಚೆ, ಕರೆಂಟೇ ಇಲ್ಲದ ಹಳ್ಳಿಗಳ ಬಳಿ.

ಮೇರಿ ತರಗತಿಯಲ್ಲಿ ಎಕ್ಸ್ ಕಿರಣದ ಬಗ್ಗೆ ಪಾಠ ಮಾಡಿದ್ದರು. ಆದರೆ ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ಚಿತ್ರ ತೆಗೆದವರಲ್ಲ. ಅದು ಬೇರೆಯದೇ ಕಸುಬು. ನಲವತ್ತಾರು ದಾಟಿದ ಪ್ರಾಧ್ಯಾಪಕಿ ಮತ್ತೆ ವಿದ್ಯಾರ್ಥಿಯಾದರು. ಪ್ಯಾರಿಸ್ಸಿನ ಹೆಸರಾಂತ ಎಕ್ಸ್‌ರೇ ವೈದ್ಯ ಆಂಟ್ವಾನ್ ಬೆಕ್ಲೇರ್ ಅವರಿಂದ ಯಂತ್ರದ ಬಳಕೆ ಕಲಿತರು. ಮೂಳೆ, ಕೀಲು, ಅಂಗಗಳ ರಚನೆ ಓದಿಕೊಂಡರು. ಗಾಡಿ ಓಡಿಸುವುದು, ಪಂಕ್ಚರ್ ಹಾಕುವುದು, ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡುವುದನ್ನೂ ಕಲಿತು 1916ರಲ್ಲಿ ಲೈಸೆನ್ಸ್ ಪಡೆದರು. ನಾನು ಎಂಜಿನಿಯರಿಂಗ್ ಓದಿದವನು. ಒಂದು ವಿಷಯದಲ್ಲಿ ಪರಿಣತರಾದವರಿಗೆ ಪಕ್ಕದ ವಿಷಯದ ಅ ಆ ಇ ಈ ಕಲಿಯಲು ಕೂರುವುದು ಎಷ್ಟು ಕಷ್ಟವೆಂದು ಆಫೀಸಿನಲ್ಲಿ ದಿನವೂ ನೋಡುತ್ತೇನೆ.

ಗಾಡಿಗಳನ್ನು ಹೊಂದಿಸಿದ ರೀತಿಯಂತೂ ನೇರ ಎಂಜಿನಿಯರಿಂಗ್. ಸ್ಥಿತಿವಂತರ ಬಳಿ ಹೋಗಿ ಮೋಟಾರು ಕೇಳಿದರು, ಮಹಿಳಾ ಸಂಘದಿಂದ ಹಣ ಪಡೆದರು. ಗಾಡಿಯ ಎಂಜಿನ್ನಿಗೇ ಡೈನಮೊ ಜೋಡಿಸಿದರು: 110 ವೋಲ್ಟ್, 15 ಆಂಪಿಯರ್. ಒಳಗೆ ಎಕ್ಸ್‌ರೇ ಕೊಳವೆ, ಮಡಚುವ ಮೇಜು, ಫೋಟೊ ತೊಳೆಯುವ ಸಾಮಾನು, ಕಪ್ಪು ಪರದೆ, ಕೈಗವಸು. ಆಸ್ಪತ್ರೆ ತಲುಪಿದೊಡನೆ ಡ್ರೈವರ್ ಎಂಜಿನ್ ಚಾಲೂ ಇಟ್ಟು ಕರೆಂಟು ಹುಟ್ಟಿಸಬೇಕು. ಕೇಬಲ್ ಎಳೆದು, ಕಿಟಕಿಗೆ ಕಪ್ಪು ಪರದೆ ಕಟ್ಟಿ, ಅರ್ಧ ಗಂಟೆಯಲ್ಲಿ ಕೋಣೆ ಸಿದ್ಧ. ಒಬ್ಬೊಬ್ಬರಾಗಿ ಗಾಯಾಳುಗಳು ಸ್ಟ್ರೆಚರಿನಲ್ಲಿ ಬರುತ್ತಿದ್ದರು. ಸೈನಿಕರು ಈ ಗಾಡಿಗಳಿಗೆ ಪುಟ್ಟ ಕ್ಯೂರಿಗಳು ಎಂದು ಹೆಸರಿಟ್ಟರು. ಮೊದಲ ಪಯಣ 1914ರ ನವೆಂಬರ್ 1ರಂದು. ಜೊತೆಗಿದ್ದವಳು ಹದಿನೇಳರ ಮಗಳು ಐರೀನ್. ಒಮ್ಮೆ ಗಾಡಿ ಮಗುಚಿ ಮೇರಿ ಪೆಟ್ಟಿಗೆಗಳ ಕೆಳಗೆ ಸಿಕ್ಕಿಹಾಕಿಕೊಂಡರು. ಆ ಪೆಟ್ಟಿನ ಸಂಗತಿಯನ್ನು ಮನೆಯಲ್ಲಿ ಮಕ್ಕಳಿಗೂ ಹೇಳಲಿಲ್ಲ.

ಚೂರು ಇದೆ ಎಂದು ತೋರಿಸಿದರೆ ಸಾಲದು, ಎಷ್ಟು ಆಳದಲ್ಲಿದೆ ಎಂದು ಸರ್ಜನ್ನಿಗೆ ಹೇಳಬೇಕು. ಎಕ್ಸ್‌ರೇ ಎಂದರೆ ನೆರಳು. ನೆರಳಿನಲ್ಲಿ ಆಳ ಕಾಣುವುದಿಲ್ಲ. ಇಲ್ಲಿ ಕೈಹಿಡಿಯುವುದು ನಾವು ಹತ್ತನೆಯ ತರಗತಿಯಲ್ಲಿ ಓದುವ ಸಮರೂಪ ತ್ರಿಭುಜ. ರೋಗಿಯ ಕೆಳಗೆ ಫೋಟೊ ಪ್ಲೇಟು, ಮೇಲೆ 60 ಸೆಂಟಿಮೀಟರ್ ಎತ್ತರದಲ್ಲಿ ಕೊಳವೆ ಇದೆ ಎಂದುಕೊಳ್ಳಿ. ಒಂದು ಚಿತ್ರ ತೆಗೆದು, ಕೊಳವೆಯನ್ನು ಪಕ್ಕಕ್ಕೆ 6 ಸೆಂಟಿಮೀಟರ್ ಸರಿಸಿ ಅದೇ ಪ್ಲೇಟಿನ ಮೇಲೆ ಇನ್ನೊಮ್ಮೆ ತೆಗೆದರೆ ಚೂರಿನ ಎರಡು ನೆರಳು ಬೀಳುತ್ತವೆ. ನಡುವಿನ ಅಂತರ 1.5 ಸೆಂಟಿಮೀಟರ್ ಬಂತೆನ್ನಿ. ಚೂರಿನ ಬಿಂದುವಿನಲ್ಲಿ ಕೂಡುವ ಎರಡು ತ್ರಿಭುಜಗಳಾದವು: ಮೇಲಿನದರ ಪಾದ 6, ಕೆಳಗಿನದರ ಪಾದ 1.5. ಅನುಪಾತ 4ಕ್ಕೆ 1. ಎತ್ತರಗಳೂ ಅದೇ ಅನುಪಾತದಲ್ಲಿರಬೇಕು. 60ನ್ನು ಐದು ಪಾಲು ಮಾಡಿದರೆ ಕೆಳಗಿನ ಒಂದು ಪಾಲು 12. ಅಂದರೆ ಚೂರು ಪ್ಲೇಟಿನಿಂದ 12 ಸೆಂಟಿಮೀಟರ್ ಮೇಲಿದೆ. ಅಂಕಿಗಳು ನಾನು ಹಾಕಿದವು, ತತ್ವ ಅದೇ. ಇವತ್ತಿನ ಸಿಟಿ ಸ್ಕ್ಯಾನ್ ಕೂಡ ಸುತ್ತಲಿನಿಂದ ತೆಗೆದ ನೂರಾರು ನೆರಳುಗಳಿಂದ ಕಂಪ್ಯೂಟರ್ ಲೆಕ್ಕ ಹಾಕಿ ಒಳಗಿನ ಚಿತ್ರ ಕಟ್ಟುವುದೇ. ಹದಿನೆಂಟರ ಐರೀನ್ ಬೆಲ್ಜಿಯಂನ ಹೋಗ್‌ಸ್ಟೇಡ್ ಎಂಬಲ್ಲಿ ಒಬ್ಬಳೇ ನಿಂತು ಎಕ್ಸ್‌ರೇ ಕೇಂದ್ರ ನೋಡಿಕೊಂಡಳು. ಚೂರನ್ನು ಯಾವ ಕಡೆಯಿಂದ ತೆಗೆಯುವುದು ಸುಲಭ ಎಂಬ ಲೆಕ್ಕವನ್ನು ತನ್ನ ತಂದೆಯ ವಯಸ್ಸಿನ ಮಿಲಿಟರಿ ಡಾಕ್ಟರಿಗೆ ಅವಳೇ ಒಪ್ಪಿಸಬೇಕಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ಮೇರಿ ಹೊಂದಿಸಿದ್ದು 20 ಗಾಡಿ, ಸುಮಾರು 200 ಎಕ್ಸ್‌ರೇ ಕೋಣೆ. ಇವುಗಳಲ್ಲಿ ಪರೀಕ್ಷೆಗೊಳಗಾದ ಗಾಯಾಳುಗಳು ಹತ್ತು ಲಕ್ಷಕ್ಕೂ ಹೆಚ್ಚು. ಆದರೆ ಯಂತ್ರ ಹೊಂದಿಸಿದರೆ ಅದನ್ನು ನಡೆಸುವವರು ಯಾರು? ಗಂಡಸರೆಲ್ಲ ಯುದ್ಧಭೂಮಿಯಲ್ಲಿ. 1916ರಿಂದ ತಮ್ಮ ರೇಡಿಯಂ ಸಂಸ್ಥೆಯಲ್ಲೇ ಅವರು ಹೆಂಗಸರಿಗಾಗಿ ತರಬೇತಿ ತೆರೆದರು. ಐರೀನ್ ಕೂಡ ಪಾಠ ಮಾಡಿದಳು. ಕೆಲವೇ ವಾರಗಳ ಶಿಕ್ಷಣ: ವಿದ್ಯುತ್ತು, ಎಕ್ಸ್ ಕಿರಣ, ಶರೀರ ರಚನೆ, ಪ್ಲೇಟು ತೊಳೆಯುವುದು, ಕೆಟ್ಟ ಯಂತ್ರ ಸರಿಪಡಿಸುವುದು. ಯುದ್ಧದ ಕೊನೆಗೆ ಸುಮಾರು 150 ಮಂದಿ ಕಲಿತು ಹೊರಬಂದರು. ಅವರಲ್ಲಿ ನರ್ಸುಗಳಿದ್ದರು, ದೊಡ್ಡ ಮನೆತನದವರಿದ್ದರು, ಹೆಚ್ಚು ಓದದ ಮನೆಗೆಲಸದವಳೂ ಇದ್ದಳು. ಆ ಮನೆಗೆಲಸದವಳು ಮೊದಲ ಬಾರಿ ಒಂದು ಪ್ಲೇಟನ್ನು ತಪ್ಪಿಲ್ಲದೆ ತೊಳೆದು ತೋರಿಸಿದ ದಿನ ಮೇರಿ ಅದನ್ನು ತಮ್ಮದೇ ಗೆಲುವೆಂಬಂತೆ ಸಂಭ್ರಮಿಸಿದರೆಂದು ಕಿರಿಯ ಮಗಳು ಈವ್ ತಾಯಿಯ ಜೀವನಚರಿತ್ರೆಯಲ್ಲಿ ಬರೆದಿದ್ದಾಳೆ. ಶ್ಚುಕಿಯ ಕೂಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟ ಹುಡುಗಿಯೇ ಈಕೆ ಎಂದು ನನಗೆ ಅನ್ನಿಸುವುದು ಇಲ್ಲಿ. ಯುದ್ಧ ಸೇವೆಗಾಗಿ ಐರೀನ್‌ಗೆ ಪದಕ ಬಂತು. ತಾಯಿಗೆ ಫ್ರಾನ್ಸ್ ಸರ್ಕಾರ ಯಾವ ಪದಕವನ್ನೂ ಕೊಡಲಿಲ್ಲ.

ಆಮೇಲಿನ ವರ್ಷಗಳು ಹಣ ಕೂಡಿಸುವುದರಲ್ಲಿ, ಸಂಸ್ಥೆ ಕಟ್ಟುವುದರಲ್ಲಿ ಕಳೆದವು. ರೇಡಿಯಂನ ಬೆಲೆ ಎಷ್ಟೇರಿತ್ತೆಂದರೆ ಅದನ್ನು ಕಂಡುಹಿಡಿದವರಿಗೇ ಕೊಳ್ಳಲಾಗುತ್ತಿರಲಿಲ್ಲ. ಅಮೆರಿಕದ ಮಹಿಳೆಯರು ಒಂದು ಲಕ್ಷ ಡಾಲರ್ ಚಂದಾ ಎತ್ತಿ ಒಂದು ಗ್ರಾಮ್ ಕೊಂಡು 1921ರಲ್ಲಿ ಕೊಟ್ಟರು. 1929ರಲ್ಲಿ ಇನ್ನೊಂದು ಗ್ರಾಮಿಗಾಗುವ ಹಣ ಸಿಕ್ಕಾಗ ಅದನ್ನು ಹುಟ್ಟೂರು ವಾರ್ಸಾದ ರೇಡಿಯಂ ಸಂಸ್ಥೆಗೆ ಮೀಸಲಿಟ್ಟರು. ಆ ಸಂಸ್ಥೆಯ ಹೊಣೆ ಹೊತ್ತವಳು ಅದೇ ಅಕ್ಕ, ಡಾಕ್ಟರ್ ಬ್ರೋನ್ಯಾ.

ಅಷ್ಟರಲ್ಲಿ ಮೇರಿಯವರ ಬೆರಳುಗಳು ಸುಟ್ಟು ಬಿರಿದಿದ್ದವು, ಎರಡೂ ಕಣ್ಣಿಗೆ ಪೊರೆ ಬಂದು ಹಲವು ಆಪರೇಷನ್ ಆಗಿದ್ದವು. 1934ರ ಜುಲೈ 4ರಂದು, 66ನೆಯ ವಯಸ್ಸಿನಲ್ಲಿ, ಆಲ್ಪ್ಸ್ ತಪ್ಪಲಿನ ಆರೋಗ್ಯಧಾಮವೊಂದರಲ್ಲಿ ತೀರಿಕೊಂಡರು. ಕಾರಣ ಏಪ್ಲಾಸ್ಟಿಕ್ ಅನೀಮಿಯಾ. ಮೂಳೆಯ ಮಜ್ಜೆ ಹೊಸ ರಕ್ತಕಣ ಹುಟ್ಟಿಸುವುದನ್ನು ನಿಲ್ಲಿಸುವ ಕಾಯಿಲೆ. ರೇಡಿಯಂ ಅವರನ್ನು ಕೊಂದಿತು ಎಂದೇ ಎಲ್ಲರೂ ಹೇಳುತ್ತ ಬಂದರು. 1995ರಲ್ಲಿ ಅವರ ದೇಹಾವಶೇಷವನ್ನು ಪ್ಯಾರಿಸ್ಸಿನ ಪ್ಯಾಂಥಿಯನ್ ಸ್ಮಾರಕಕ್ಕೆ ಒಯ್ಯಲು ಸಮಾಧಿ ತೆರೆದಾಗ ಫ್ರಾನ್ಸಿನ ವಿಕಿರಣ ರಕ್ಷಣಾ ಕಚೇರಿಯವರು ಅಳತೆ ಮಾಡಿದರು. ಸಾವು ತರುವಷ್ಟು ರೇಡಿಯಂನ ಕುರುಹು ಸಿಗಲಿಲ್ಲ. ಯುದ್ಧಕಾಲದಲ್ಲಿ ಮರೆಯಿಲ್ಲದೆ ನಿಂತು ತೆಗೆದ ಎಕ್ಸ್‌ರೇಗಳೇ ಹೆಚ್ಚಾಗಿ ಕಾರಣವಿರಬೇಕೆಂಬುದು ಅವರ ತೀರ್ಮಾನ. ಐರೀನ್ 1935ರಲ್ಲಿ ಗಂಡನೊಂದಿಗೆ ನೊಬೆಲ್ ಪಡೆದು, 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಆ ಮರೆ ಇವತ್ತು ಇದೆ. ಎಕ್ಸ್‌ರೇ ಕೋಣೆಯಲ್ಲಿ ಬಟನ್ ಒತ್ತುವ ಮುಂಚೆ ಟೆಕ್ನಿಷಿಯನ್ ಪರದೆಯ ಹಿಂದೆ ಹೋಗುವುದನ್ನು ನೋಡಿ, ಅಪಾಯವನ್ನು ರೋಗಿಗೆ ಬಿಟ್ಟು ತಾನು ತಪ್ಪಿಸಿಕೊಂಡನೆಂದು ನಮ್ಮೂರಿನ ಕಡೆ ಕೆಲವರು ತಿಳಿಯುತ್ತಾರೆ. ರೋಗಿಗೆ ವರ್ಷಕ್ಕೆ ಒಂದೋ ಎರಡೋ ಎಕ್ಸ್‌ರೇ. ಟೆಕ್ನಿಷಿಯನ್‌ಗೆ ದಿನಕ್ಕೆ ಹತ್ತಾರು, ಅದೂ ನಿವೃತ್ತಿಯವರೆಗೆ. ದೂರ ಎರಡರಷ್ಟಾದರೆ ಕಿರಣದ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ, ಸೀಸ ಅದನ್ನು ಇನ್ನೂ ತಗ್ಗಿಸುತ್ತದೆ. ಅವರ ಎದೆಯ ಮೇಲೆ ಸಣ್ಣದೊಂದು ಬ್ಯಾಡ್ಜ್ ಇರುತ್ತದೆ, ಹೆಸರಿನ ಬಿಲ್ಲೆಯಲ್ಲ, ಟಿಎಲ್‌ಡಿ ಎನ್ನುತ್ತಾರೆ. ಮೈಗೆ ತಾಗಿದ ವಿಕಿರಣವನ್ನು ಅದು ತನ್ನೊಳಗೆ ದಾಖಲಿಸಿಕೊಳ್ಳುತ್ತದೆ. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್.

ಮೇರಿ ಕೆಲವು ವಾರಗಳಲ್ಲಿ ಕಲಿಸಿದ ವಿದ್ಯೆ ಈಗ ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂಬ ಪದವಿ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಸೇರಬಹುದು. ಶರೀರ ರಚನೆ, ವಿಕಿರಣ ಭೌತಶಾಸ್ತ್ರ, ಎಕ್ಸ್‌ರೇ, ಸಿಟಿ, ಎಂಆರ್‌ಐ, ಜೊತೆಗೆ ವಿಕಿರಣದಿಂದ ರಕ್ಷಣೆ ಎಂಬ ಪ್ರತ್ಯೇಕ ಪಾಠ. ಡಾಕ್ಟರ್ ಅಥವಾ ಎಂಜಿನಿಯರ್, ಎರಡೇ ದಾರಿ ಎಂದು ನಮ್ಮ ಬ್ಯಾಚಿನ ಮನೆಗಳಲ್ಲಿ ನಂಬಿದ್ದರು. ಈ ಸಲ ಎಸ್ಸೆಸ್ಸೆಲ್ಸಿ ಬರೆಯುವ ಹೆಣ್ಣುಮಕ್ಕಳ ಮನೆಯಲ್ಲಿ ಈ ಮೂರನೆಯ ಹೆಸರೂ ಗೊತ್ತಿರಲಿ ಎಂದು ಇಷ್ಟು ಬರೆದೆ.